ಕರೆಂಟು ಹೋಗುವ ಮನೆಗೆ ಒಂದು ಲೆಕ್ಕಾಚಾರ

ಆಟಿ ತಿಂಗಳ ಮಳೆಯಲ್ಲಿ ಕರೆಂಟು ಹೋದರೆ ನಮ್ಮ ಕಡೆ 'ಯಾಕೆ ಹೋಯಿತು' ಎಂದು ಯಾರೂ ಕೇಳುವುದಿಲ್ಲ. 'ಯಾವಾಗ ಬರಬಹುದು' ಎಂದಷ್ಟೇ ಕೇಳುತ್ತಾರೆ. ದಕ್ಷಿಣ ಕನ್ನಡದ ಘಟ್ಟದ ಬುಡದಲ್ಲಿ ನಮ್ಮ ಮನೆ. ಸುತ್ತ ಅಡಿಕೆ ತೋಟ, ಅದರಾಚೆ ಗುಡ್ಡ, ಗುಡ್ಡದ ತುಂಬ ಮರ. ಆ ಮರಗಳ ನಡುವೆ ತಂತಿ ಹಾದು ಬರುತ್ತದೆ. ಲೈನಿನ ಕೊನೆಯ ಮನೆ ನಮ್ಮದು. ಒಂದು ಗೆಲ್ಲು ಎಲ್ಲಿ ಬಿದ್ದರೂ ಕತ್ತಲೆ ನಮಗೆ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಹಲವರ ಬಿಲ್ಲು ಸೊನ್ನೆ ಆಯಿತು. ಕತ್ತಲೆ ಸೊನ್ನೆ ಆಗಲಿಲ್ಲ. ಅದೇ ವರ್ಷ ಮಳೆ ಕೈಕೊಟ್ಟು ರಾಜ್ಯಕ್ಕೇ ವಿದ್ಯುತ್ ಅಭಾವ ಬಂತು. ಅಂದರೆ ಮಳೆ ಬಂದರೂ ಹೋಗುತ್ತದೆ, ಬಾರದಿದ್ದರೂ ಹೋಗುತ್ತದೆ. ದೂರುತ್ತಾ ಕೂರುವುದಕ್ಕಿಂತ ಮನೆಯನ್ನು ಅದಕ್ಕೆ ತಯಾರು ಮಾಡಿಕೊಳ್ಳುವುದು ಮೇಲು. ನಾವು ಮಾಡಿಕೊಂಡದ್ದನ್ನು, ಅದರ ಹಿಂದಿನ ಲೆಕ್ಕವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕ್ಯಾಲೆಂಡರ್, ಆಮೇಲೆ ಬ್ಯಾಟರಿ

ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಕರೆಂಟು ಹೋದ ಹೊತ್ತು, ಬಂದ ಹೊತ್ತು ಎರಡು ತಿಂಗಳು ಗುರುತು ಹಾಕಿ. ಆಗ ತಿಳಿಯುತ್ತದೆ, ಕರೆಂಟು ಹೋಗುವುದರಲ್ಲಿ ಮೂರು ಜಾತಿ ಇದೆ.

ಒಂದು, ಅರ್ಧ ಗಂಟೆಯಿಂದ ಎರಡು ಗಂಟೆಯದ್ದು. ಎರಡು, ಸಂಜೆ ಹೋಗಿ ಮರುದಿನ ಬೆಳಗ್ಗೆ ಬರುವಂಥದ್ದು. ಮೂರು, ಕಂಬ ಮುರಿದು ಎರಡು ಮೂರು ದಿನ ಬಾರದೆ ಇರುವಂಥದ್ದು. ಮೊದಲನೆಯದಕ್ಕೆ ಚಾರ್ಜ್ ಮಾಡಿಟ್ಟ ಒಂದೆರಡು ಎಲ್‌ಇಡಿ ದೀಪ ಸಾಕು. ಎರಡನೆಯದಕ್ಕೆ ಇನ್ವರ್ಟರ್ ಬೇಕು. ಮೂರನೆಯದಕ್ಕೆ ಇನ್ವರ್ಟರ್ ಒಂದೇ ಸಾಲದು. ಮೂರಕ್ಕೂ ಒಂದೇ ಮದ್ದು ಹುಡುಕಿದರೆ ದುಡ್ಡು ಹೋಗುತ್ತದೆ, ಕತ್ತಲೆ ಉಳಿಯುತ್ತದೆ.

ಬ್ಯಾಟರಿಯೊಳಗೆ ಎಷ್ಟು ಕರೆಂಟು ಇದೆ?

'150ರ ಬ್ಯಾಟರಿ' ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಎಷ್ಟು ಹಿಡಿಸುತ್ತದೆ ಎಂದು ಕೇಳುವವರು ಕಡಿಮೆ. ಲೆಕ್ಕ ಸುಲಭ. 12 ವೋಲ್ಟನ್ನು 150 ಆಂಪಿಯರ್-ಅವರ್‌ನಿಂದ ಗುಣಿಸಿ. 1800 ವ್ಯಾಟ್-ಅವರ್ ಆಯಿತು. ಸೀಸ-ಆಮ್ಲದ ಬ್ಯಾಟರಿಯನ್ನು ತಳದವರೆಗೆ ಬರಿದು ಮಾಡಿದರೆ ಅದರ ಆಯುಷ್ಯ ಹೋಗುತ್ತದೆ. ನೂರಕ್ಕೆ 70 ಪಾಲು ಮಾತ್ರ ಬಳಸೋಣ. 1260 ಉಳಿಯಿತು. ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ, ಅದಕ್ಕೆ ನೂರಕ್ಕೆ 20 ಕಳೆಯಿರಿ. ಕೈಗೆ ಸಿಗುವುದು ಸುಮಾರು 1000 ವ್ಯಾಟ್-ಅವರ್. ಅಂದರೆ ಒಂದೇ ಒಂದು ಯೂನಿಟ್! ಇದನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ ತಾನಾಗಿ ಬರುತ್ತದೆ.

ಈಗ ಒಂದು ರಾತ್ರಿಯ ಖರ್ಚು ನೋಡೋಣ.

9 ವ್ಯಾಟಿನ ಐದು ಎಲ್‌ಇಡಿ ಬಲ್ಬು, 4 ಗಂಟೆ: 180
ಬಚ್ಚಲ ದಾರಿಗೆ 5 ವ್ಯಾಟಿನ ಒಂದು ಬಲ್ಬು, 8 ಗಂಟೆ: 40
30 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನು, 8 ಗಂಟೆ: 480
ಇಂಟರ್‌ನೆಟ್ ಪೆಟ್ಟಿಗೆ 10 ವ್ಯಾಟ್, 6 ಗಂಟೆ: 60
ಮೂರು ಮೊಬೈಲ್ ಚಾರ್ಜಿಗೆ: 45
ಒಟ್ಟು: 805 ವ್ಯಾಟ್-ಅವರ್

ಒಂದು ಯೂನಿಟಿನೊಳಗೆ ಬಂತು. ಇದೇ ಮನೆಯಲ್ಲಿ ಹಳೇ ಫ್ಯಾನು ಇದ್ದರೆ? ಅದು ಒಂದಕ್ಕೆ 75 ವ್ಯಾಟ್ ಎಳೆಯುತ್ತದೆ. ಎರಡು ಫ್ಯಾನು, 8 ಗಂಟೆ - 1200. ಫ್ಯಾನಿಗೇ ಬ್ಯಾಟರಿ ಸಾಲಲಿಲ್ಲ. ನಡುರಾತ್ರಿ ಇನ್ವರ್ಟರ್ ಕೂಗತೊಡಗುತ್ತದೆ. ಹಾಗಾಗಿ ನನ್ನ ಸಲಹೆ: ಎರಡನೇ ಬ್ಯಾಟರಿ ತರುವ ಮೊದಲು ಫ್ಯಾನು ಬದಲಿಸಿ.

ಮಿಕ್ಸಿ, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜು, ಪಂಪು ಇವುಗಳನ್ನು ಮನೆಯ ಸಣ್ಣ ಇನ್ವರ್ಟರಿನ ಸಾಲಿಗೆ ಸೇರಿಸಲೇಬಾರದು. ಒಂದು ಎಚ್‌ಪಿ ಪಂಪು ಎಂದರೆ 746 ವ್ಯಾಟ್. ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಇನ್ವರ್ಟರಿಗೆ ಯಾವ ರೂಮಿನ ಯಾವ ಪಾಯಿಂಟು ಎಂದು ವಯರಿಂಗ್ ಮಾಡುವಾಗಲೇ ಬೇರೆ ಮಾಡಿಸಿ.

ಬ್ಯಾಟರಿ ಬೇಗ ಸಾಯುವುದೇಕೆ?

'ಎರಡೇ ವರ್ಷಕ್ಕೆ ಬ್ಯಾಟರಿ ಢಮಾರ್' ಎಂಬ ಮಾತು ಊರಿನಲ್ಲಿ ಸಾಮಾನ್ಯ. ಕಂಪೆನಿಯನ್ನು ಬೈಯುವ ಮೊದಲು ಚಾರ್ಜಿನ ಲೆಕ್ಕ ನೋಡಿ. ಬರಿದಾದ ಬ್ಯಾಟರಿ ತುಂಬಲು 10ರಿಂದ 12 ಗಂಟೆ ಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಮೂರು ಗಂಟೆ ಬಂದು ಮತ್ತೆ ಹೋಗುತ್ತದೆ. ಬ್ಯಾಟರಿ ಅರೆಹೊಟ್ಟೆಯಲ್ಲೇ ದುಡಿಯುತ್ತದೆ. ಹಾಗೆ ಇದ್ದಾಗ ಒಳಗಿನ ಸೀಸದ ಫಲಕಗಳ ಮೇಲೆ ಬಿಳಿ ಸಲ್ಫೇಟು ಗಟ್ಟಿಯಾಗುತ್ತಾ ಹೋಗುತ್ತದೆ. ಒಮ್ಮೆ ಗಟ್ಟಿಯಾದದ್ದು ಸುಲಭಕ್ಕೆ ಬಿಡುವುದಿಲ್ಲ.

ಇನ್ನೊಂದು ಕಾರಣ ನೀರು. ಎರಡು ತಿಂಗಳಿಗೊಮ್ಮೆ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಲವಣ, ಕಬ್ಬಿಣ ಇದ್ದೇ ಇರುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ, ಅದು ಉರಿಯುವ ಗಾಳಿ. ಆದ್ದರಿಂದ ಮುಚ್ಚಿದ ಕಪಾಟಿನಲ್ಲಿ, ದೇವರ ಕೋಣೆಯ ದೀಪದ ಹತ್ತಿರ ಬ್ಯಾಟರಿ ಇಡಬೇಡಿ. ಈಗ ಲಿಥಿಯಂ ಬ್ಯಾಟರಿಗಳು ಬಂದಿವೆ. ನೀರು ಹಾಕುವ ಕೆಲಸವಿಲ್ಲ, ಬೇಗ ತುಂಬುತ್ತವೆ, ಅರೆಹೊಟ್ಟೆಯನ್ನೂ ಸಹಿಸುತ್ತವೆ. ಬೆಲೆ ಮಾತ್ರ ಹೆಚ್ಚು.

ಸೂರ್ಯನೋ, ತೋಡೋ?

ಮೂರು ದಿನದ ಕತ್ತಲೆಗೆ ಬ್ಯಾಟರಿಯನ್ನು ಮನೆಯಲ್ಲೇ ತುಂಬುವ ದಾರಿ ಬೇಕು. ಸೋಲಾರ್ ಒಂದು ದಾರಿ. 300 ವ್ಯಾಟಿನಷ್ಟು ಪ್ಯಾನೆಲ್ ಬೇಸಗೆಯ ದಿನ ಒಂದು ಯೂನಿಟಿಗಿಂತ ಹೆಚ್ಚೇ ಕೊಡುತ್ತದೆ. ಆದರೆ ಕಪ್ಪು ಮೋಡ ಕವಿದ ದಿನ ಅದರ ಕಾಲು ಭಾಗವೂ ಕಷ್ಟ. ಆದ್ದರಿಂದ ಮಳೆಗಾಲಕ್ಕೆಂದು ಹಾಕುವವರು ಎರಡು ದೀಪ, ಮೊಬೈಲ್ ಚಾರ್ಜ್ ಇಷ್ಟನ್ನೇ ನಂಬಿಕೊಂಡರೆ ಒಳ್ಳೆಯದು. 12 ವೋಲ್ಟಿನ ಬ್ಯಾಟರಿಗೆ ಸಾಮಾನ್ಯ ಕಂಟ್ರೋಲರ್ ಇದ್ದರೆ 36 ಕೋಶದ ಪ್ಯಾನೆಲ್ಲೇ ಸರಿ. 72 ಕೋಶದ ದೊಡ್ಡ ಪ್ಯಾನೆಲ್ ಅದಕ್ಕೆ ಜೋಡಿಸಿದರೆ ಸುಮಾರು ಅರ್ಧ ಶಕ್ತಿ ವ್ಯರ್ಥ. ಅದಕ್ಕೆ ಎಂಪಿಪಿಟಿ ಕಂಟ್ರೋಲರ್ ಬೇಕು.

ಒಂದು ವಿಷಯ ಹಲವರಿಗೆ ಗೊತ್ತಿಲ್ಲ. 2024ರಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮಾಡಿನ ಮೇಲೆ ಪ್ಯಾನೆಲ್ ಹಾಕಿಸುವವರಿದ್ದಾರೆ. ಬ್ಯಾಟರಿ ಇಲ್ಲದೆ ನೇರ ಲೈನಿಗೆ ಸೇರಿಸುವ ವ್ಯವಸ್ಥೆಯಾದರೆ ಕರೆಂಟು ಹೋದ ಕೂಡಲೇ ಅದೂ ನಿಲ್ಲುತ್ತದೆ, ನೆತ್ತಿಯ ಮೇಲೆ ಸೂರ್ಯ ಇದ್ದರೂ! ಅದು ದೋಷವಲ್ಲ. ತಂತಿಯಲ್ಲಿ ಕೆಲಸ ಮಾಡುವವರ ಜೀವ ಉಳಿಸಲಿಕ್ಕೆ ಹಾಗೆ ಮಾಡಿದ್ದಾರೆ. ಬಿಲ್ಲು ಇಳಿಸಲು ಅದು ಒಳ್ಳೆಯದು, ಕತ್ತಲೆಗೆ ಆಗದು. ಹಾಕಿಸುವಾಗಲೇ ಕೇಳಿಕೊಳ್ಳಿ.

ಗುಡ್ಡದಿಂದ ತೋಡು ಇಳಿಯುವ ಜಾಗದವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಸೂರ್ಯ ಕೈಕೊಡುವ ತಿಂಗಳಲ್ಲೇ ತೋಡು ತುಂಬಿರುತ್ತದೆ. ಘಟ್ಟದ ಬುಡದ ಹಲವು ಮನೆಗಳಲ್ಲಿ ಪೈಪಿನಲ್ಲಿ ನೀರು ಇಳಿಸಿ ಪುಟ್ಟ ಟರ್ಬೈನ್ ತಿರುಗಿಸಿ ಕರೆಂಟು ಮಾಡಿಕೊಂಡಿದ್ದಾರೆ. ಅಂದಾಜಿನ ಸೂತ್ರ ಇಷ್ಟೇ: ಸೆಕೆಂಡಿಗೆ ಬರುವ ಲೀಟರ್ × ಇಳಿಜಾರಿನ ಎತ್ತರ ಮೀಟರಿನಲ್ಲಿ × 5 = ವ್ಯಾಟ್. 20 ಲೀಟರಿನ ಬಕೆಟ್ 4 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ಎತ್ತರ 20 ಮೀಟರ್ ಇದ್ದರೆ 500 ವ್ಯಾಟ್. ಕಡಿಮೆ ಎನಿಸಬಹುದು. ಆದರೆ ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ 12 ಯೂನಿಟ್. ಬ್ಯಾಟರಿಯ ಒಂದು ಯೂನಿಟಿನ ಮುಂದೆ ಇದು ಎಷ್ಟೆಂದು ನೀವೇ ನೋಡಿ. ಎಲೆ ಕಸ ಕಟ್ಟದಂತೆ ಪೈಪಿನ ಬಾಯಿಗೆ ಜಾಳಿಗೆ ಹಾಕಿ ದಿನಾ ನೋಡಬೇಕು, ಅಷ್ಟೇ.

ಜನರೇಟರ್ ಇದ್ದವರು ಇದನ್ನು ಓದಲೇಬೇಕು

ಕರೆಂಟು ಹೋದಾಗ ಜನರೇಟರಿನ ವಯರನ್ನು ಮನೆಯ ಒಂದು ಪ್ಲಗ್ಗಿಗೆ ಚುಚ್ಚಿ ಇಡೀ ಮನೆ ಬೆಳಗಿಸುವ 'ಉಪಾಯ' ಕೆಲವು ಕಡೆ ಇದೆ. ಇದು ಕೊಲ್ಲುವ ಉಪಾಯ. ಮೇನ್ ಆಫ್ ಮಾಡಲು ಮರೆತರೆ ಕರೆಂಟು ಮನೆಯಿಂದ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ತಲುಪುತ್ತದೆ. 11,000 ವೋಲ್ಟನ್ನು ಇಳಿಸಿ ನಮಗೆ ಕೊಡುವ ಟ್ರಾನ್ಸ್‌ಫಾರ್ಮರ್, ಉಲ್ಟಾ ಹರಿದಾಗ ನಮ್ಮ 230ನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಆ ತಂತಿಯ ಮೇಲೆ ಯಾರದೋ ಕೈ ಇರುತ್ತದೆ.

ನಮ್ಮ ಲೈನ್‌ಮ್ಯಾನ್ ಒಮ್ಮೆ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಾ ಹೇಳಿದ್ದು: "ನಾವು ಲೈನ್ ಆಫ್ ಮಾಡಿಯೇ ಕಂಬ ಹತ್ತುದು ಮಾರಾಯ್ರೇ. ಯಾರ ಮನೆಯಿಂದ ಹಿಂದೆ ಬರ್ತದೆ ಅಂತ ನಮ್ಗೆ ಹೇಗೆ ಗೊತ್ತಾಗ್ಬೇಕು?"

ಸುರಿಯುವ ಮಳೆಯಲ್ಲಿ, ನಮ್ಮ ದೀಪಕ್ಕಾಗಿ ಕಂಬ ಹತ್ತಿದವನನ್ನು ನಮ್ಮ ಮನೆಯ ಕರೆಂಟೇ ಕೊಲ್ಲಬಾರದು. ಅದಕ್ಕೆ ಇರುವುದು ಚೇಂಜ್‌ಓವರ್ ಸ್ವಿಚ್. ಲೈನು ಇಲ್ಲವೇ ಜನರೇಟರ್, ಒಂದು ಹೊತ್ತಿಗೆ ಒಂದೇ ಸೇರುವಂತೆ ಅದು ನೋಡಿಕೊಳ್ಳುತ್ತದೆ. ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಜನರೇಟರನ್ನು ಒಳಕೋಣೆಯಲ್ಲಿ, ಮುಚ್ಚಿದ ಚಾವಡಿಯಲ್ಲಿ ಓಡಿಸಬೇಡಿ. ಅದರ ಹೊಗೆಯ ವಿಷಕ್ಕೆ ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ.

ಸಿಡಿಲು, ನ್ಯೂಟ್ರಲ್

ಕರೆಂಟು ಇಲ್ಲದಾಗ ಹಾಳಾಗುವುದಕ್ಕಿಂತ ಹೋಗುವಾಗ, ಬರುವಾಗ ಹಾಳಾಗುವುದೇ ಹೆಚ್ಚು. ಕರೆಂಟು ಹೋದ ಕೂಡಲೇ ಟಿ.ವಿ., ಫ್ರಿಜ್ಜಿನ ಪ್ಲಗ್ಗು ಕೀಳಿ. ಬಂದು ಹತ್ತು ನಿಮಿಷ ನಿಂತ ಮೇಲೆ ಹಾಕಿ. ಮುಂಗಾರಿಗೆ ಮೊದಲು ಎಪ್ರಿಲ್, ಮೇಯಲ್ಲಿ, ಆಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಸಿಡಿಲು ಹೆಚ್ಚು. ಗುಡುಗು ದೂರದಲ್ಲಿ ಕೇಳುವಾಗಲೇ ಪ್ಲಗ್ಗು ತೆಗೆಯಬೇಕು. ಹತ್ತಿರ ಬಂದ ಮೇಲೆ ಮುಟ್ಟಲು ಹೋಗಬಾರದು.

ಗಾಳಿಗೆ ನ್ಯೂಟ್ರಲ್ ತಂತಿ ತುಂಡಾದರೆ 230 ಬರಬೇಕಾದಲ್ಲಿ 400ರ ಹತ್ತಿರ ಬರಬಹುದು. ಇದ್ದಕ್ಕಿದ್ದಂತೆ ಫ್ಯಾನು ಜೋರಾದರೆ, ಬಲ್ಬು ಕಣ್ಣು ಕುಕ್ಕಿದರೆ ಸಂತೋಷಪಡಬೇಡಿ. ಓಡಿ ಮೇನ್ ಆಫ್ ಮಾಡಿ. ತಂತಿ ನೆಲಕ್ಕೆ ಬಿದ್ದಿದ್ದರೆ ಹತ್ತಿರ ಹೋಗದೆ, ದನಗಳನ್ನೂ ಬಿಡದೆ 1912ಕ್ಕೆ ಫೋನ್ ಮಾಡಿ.

ಕರೆಂಟು ಬೇಡದ ಮನೆ

ಇನ್ನು ದುಡ್ಡಿಲ್ಲದ ತಯಾರಿ. ನಾಲ್ಕು ಜನ, ಎರಡು ಹಸು ಇರುವ ಮನೆಗೆ ದಿನಕ್ಕೆ 500 ಲೀಟರ್ ನೀರು ಎಂದುಕೊಂಡರೆ 1000 ಲೀಟರಿನ ಟ್ಯಾಂಕಿ ಎರಡು ದಿನ ಬಂತು. ಮೋಡ ಕಂಡ ದಿನ ಟ್ಯಾಂಕಿ ತುಂಬಿಸುವುದು ನಮ್ಮಲ್ಲಿ ಕ್ರಮ. ಪಂಪು ಬಂದ ಮೇಲೆ ಬಾವಿಯ ರಾಟೆ, ಹಗ್ಗ ಕಿತ್ತು ಅಟ್ಟಕ್ಕೆ ಹಾಕಿದವರು ದಯವಿಟ್ಟು ಕೆಳಗಿಳಿಸಿ. ನಮ್ಮ ಜಿಲ್ಲೆಯಲ್ಲೂ ಕಾಸರಗೋಡಿನಲ್ಲೂ ಸುರಂಗ ಇರುವ ಮನೆಯವರು ಅದೃಷ್ಟವಂತರು. ಗುಡ್ಡದ ಹೊಟ್ಟೆಯಿಂದ ನೀರು ತಾನಾಗಿ ಹರಿದು ಬರುತ್ತದೆ. ಹಿರಿಯರು ತೋಡಿದ ಆ ಸುರಂಗದ ಮಣ್ಣು ತೆಗೆಸಿ ಉಳಿಸಿಕೊಳ್ಳುವುದು ಎರಡು ಇನ್ವರ್ಟರಿಗೆ ಸಮ.

ಕಡೆಯುವ ಕಲ್ಲು, ಹೆರೆಮಣೆ ಕೈಗೆ ಸಿಗುವಲ್ಲಿರಲಿ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ತಂಪು ನಾಲ್ಕು ಗಂಟೆ ನಿಲ್ಲುತ್ತದೆ. ಆಮೇಲೆ ಹಾಲಿಗೆ ಹೆಪ್ಪು ಹಾಕುವುದೇ ದಾರಿ.

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಗಮನಿಸಿ. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ತಂಪು ಬೇಕು. ಬಳಸುತ್ತಿರುವ ಸೀಸೆ ಸಾಮಾನ್ಯವಾಗಿ ಬಿಸಿಲು ತಾಗದ ತಂಪು ಜಾಗದಲ್ಲಿ ನಾಲ್ಕು ವಾರ ತಡೆಯುತ್ತದೆ. ನಿಮ್ಮದಕ್ಕೆ ಎಷ್ಟು ಎಂದು ಡಾಕ್ಟರಲ್ಲಿ ಕೇಳಿಕೊಳ್ಳಿ. ನನ್ನ ಅಮ್ಮನದ್ದಕ್ಕೆ ನಾವು ಮಾಡುವುದು ಹೀಗೆ: ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಸಣ್ಣ ಮಡಕೆ, ಸಣ್ಣದರಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸೀಸೆ, ಮೇಲೆ ಒದ್ದೆ ಬಟ್ಟೆ. ಗಾಳಿ ಆಡುವಲ್ಲಿ ಇಡಬೇಕು. ಒಣ ಹವೆಯಲ್ಲಿ ಇದು ಚೆನ್ನಾಗಿ ತಂಪಾಗುತ್ತದೆ, ಮಳೆಗಾಲದಲ್ಲಿ ಕಡಿಮೆ. ಆಗ ಹವೆಯೇ ತಂಪಿರುತ್ತದೆ.

ಕೊನೆಗೆ ಟಾರ್ಚು. ಪ್ರತಿಯೊಬ್ಬರ ಹಾಸಿಗೆಯ ಪಕ್ಕದಲ್ಲಿ ಒಂದು, ಹಟ್ಟಿಯಲ್ಲಿ ಒಂದು, ಅದರ ಜಾಗ ಬದಲಾಗಬಾರದು. ಮಳೆಗಾಲದ ಕತ್ತಲೆಯಲ್ಲಿ ಕನ್ನಡಿ ಹಾವು, ಕಟ್ಟ ಹಾವು ಅಂಗಳಕ್ಕೆ, ಒಮ್ಮೊಮ್ಮೆ ಮನೆಯೊಳಕ್ಕೂ ಬರುತ್ತವೆ. ಚಿಮಿಣಿ ಎಣ್ಣೆ ರೇಷನ್ ಅಂಗಡಿಯಿಂದ ಹೆಚ್ಚುಕಡಿಮೆ ಮಾಯವಾದ ಮೇಲೆ ಬುಡ್ಡಿ ದೀಪ ಎಲ್ಲರ ಮನೆಯಲ್ಲಿಲ್ಲ. ಸಾವಿರಾರು ರೂಪಾಯಿಯ ಇನ್ವರ್ಟರಿಗಿಂತ ಮೊದಲು ಬರಬೇಕಾದದ್ದು ಈ ಟಾರ್ಚು.

ಒಟ್ಟಿನಲ್ಲಿ ಕ್ರಮ ಹೀಗಿರಲಿ: ಮೊದಲು ಟಾರ್ಚು ಮತ್ತು ನೀರು, ಆಮೇಲೆ ಎಲ್‌ಇಡಿ ಮತ್ತು ಫ್ಯಾನು, ಆಮೇಲೆ ಇನ್ವರ್ಟರ್, ಕೊನೆಗೆ ಸೋಲಾರ್ ಅಥವಾ ತೋಡು. ಇದೇ ಸರದಿಯಲ್ಲಿ ಹೋದರೆ ಪ್ರತಿ ಹೆಜ್ಜೆಯೂ ಮುಂದಿನದರ ಖರ್ಚನ್ನು ಇಳಿಸುತ್ತದೆ. ತೋಡಿನ ನೀರಿನಲ್ಲಿ ಕರೆಂಟು ಮಾಡಿ ಐದಾರು ವರ್ಷ ಕಂಡವರು ರಿಪೇರಿಯ ಅನುಭವ ಬರೆದು ತಿಳಿಸಿದರೆ ನಮಗೆಲ್ಲ ಉಪಕಾರವಾದೀತು.