ಸ್ಪರ್ಶಫಲಕವೂ ಕೆತ್ತನೆಯ ಯಂತ್ರವೂ

ವ್ಯಾಕರಣಶಾಸ್ತ್ರದಲ್ಲಿ ಕಕಾರದಿಂದ ಮಕಾರದವರೆಗಿನ 25 ವರ್ಗೀಯ ವ್ಯಂಜನಗಳಿಗೆ ಸ್ಪರ್ಶಗಳೆಂದು ಹೆಸರು. ಉಚ್ಚಾರಣಾಂಗಗಳು ಒಂದನ್ನೊಂದು ಮುಟ್ಟುವುದರಿಂದ ಅವು ಹುಟ್ಟುತ್ತವೆ. ಅಲ್ಲಿ ಮುಟ್ಟಿದ್ದು ನಾಲಿಗೆಗೆ ತಿಳಿಯುವುದು. ಟಚ್ ಸ್ಕ್ರೀನ್ ಎಂಬ ಸ್ಪರ್ಶಫಲಕವಾದರೋ ಮುಟ್ಟಿದ ಬೆರಳಿಗೆ ಏನನ್ನೂ ತಿಳುಹದು.

ಹವ್ಯಾಸಿಗಳು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಸಿಎನ್‌ಸಿ ಯಂತ್ರದಲ್ಲಿ ಕೊರೆಯುವ ಮೊನೆಯು ಮೂರು ದಿಕ್ಕುಗಳಲ್ಲಿ ಚಲಿಸುವುದು. ಜಿ-ಕೋಡ್ ಎಂಬ ಸಂಕೇತಪಂಕ್ತಿಗಳನ್ನು ಆರ್ಡುಯಿನೊದಂಥ ಪುಟ್ಟ ಗಣಕದಲ್ಲಿ ನೆಲೆಸಿದ ಜಿಆರ್‌ಬಿಎಲ್ ತಂತ್ರಾಂಶವು ಓದಿ ಮೋಟಾರುಗಳನ್ನು ನಡೆಸುವುದು. ಸ್ಪರ್ಶಫಲಕದ್ದು ಆಜ್ಞೆಯನ್ನು ಮುಟ್ಟಿಸುವ ಕೆಲಸ ಮಾತ್ರ.

ವಿಜಯಪುರದ ಇಬ್ರಾಹಿಂ ರೋಜಾ 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಸಮಾಧಿ. ಅದರ ಕಿಟಕಿಗಳಲ್ಲಿ ಕಲ್ಲನ್ನು ಜಾಲಂಧ್ರವಾಗಿ ಕೊರೆದು ಅರಬ್ಬಿ ಅಕ್ಷರಗಳನ್ನು ಮೂಡಿಸಲಾಗಿದೆ. ಉಳಿ ಹಿಡಿದ ಶಿಲ್ಪಿಗೆ ಕಲ್ಲಿನ ಅದಿರಾಟವೇ ಎಚ್ಚರಿಕೆ. ಯಂತ್ರದ ಮುಂದೆ ನಿಂತವನಿಗೆ ಆ ಎಚ್ಚರಿಕೆ ಕಿವಿಯಿಂದಲೂ ಕಣ್ಣಿನಿಂದಲೂ ಬರಬೇಕು. ಫಲಕದಲ್ಲಿ ನೆಟ್ಟ ಕಣ್ಣು ಮೊನೆಯ ಮೇಲಿರಲಾರದು.

ತಿಕೋಟಾ, ಬಬಲೇಶ್ವರಗಳ ಬೇಸಗೆಯನ್ನೂ ನೆನೆಯಬೇಕು. ಬೆರಳಿನ ವಿದ್ಯುದ್ಗುಣವನ್ನು ಗ್ರಹಿಸುವ ಫಲಕವು ಬೆವರಹನಿ ಬಿದ್ದರೆ ಇಲ್ಲದ ಸ್ಪರ್ಶವನ್ನು ಉಂಟೆಂದು ಬಗೆದೀತು. ಒತ್ತಡವನ್ನು ಗ್ರಹಿಸುವ ಬಗೆಯದು ಈ ವಿಷಯದಲ್ಲಿ ಮೇಲು. ಮರದ ಪುಡಿ ಮುಸುಕಿದರಂತೂ ಗುಂಡಿಯ ಚಿತ್ರವೇ ಕಾಣದು.

ಆದಕಾರಣ ಆರಂಭಿಸಲು, ಅಳತೆ ನೋಡಲು ಫಲಕ ಒಳ್ಳೆಯದು. ಆಪತ್ತಿನಲ್ಲಿ ನಿಲ್ಲಿಸಲು ಅದು ಸಲ್ಲದು. ಅದಕ್ಕೆ ಕೆಂಪು ಬಣ್ಣದ, ಒತ್ತಿದರೆ ಒತ್ತಿಯೇ ಉಳಿಯುವ ದಪ್ಪ ಗುಂಡಿ ಬೇರೆಯೇ ಇರಬೇಕು. ಅದರ ತಂತಿ ತಂತ್ರಾಂಶವನ್ನು ಕೇಳದೆ ಮೋಟಾರುಗಳ ವಿದ್ಯುತ್ತನ್ನು ನೇರವಾಗಿ ಕಡಿಯಬೇಕು. ತಿರುಗುವ ಮೊನೆಯನ್ನು ದಾಟಿ ಕೈಚಾಚದೆ, ಕಣ್ಣುಮುಚ್ಚಿದರೂ ಎಟುಕುವಲ್ಲಿ ಅದನ್ನು ಕೂರಿಸಬೇಕು.