ಮೂರು ಟ್ಯಾಂಕಿನ ಸಂಸಾರ

ಮೋಟರ್‌ಹೋಮಿನಲ್ಲಿ ಯೂಕಾನ್ ಕಡೆ ಹೋಗಿಬಂದೆವು ಅಂದ ತಕ್ಷಣ ಎಲ್ಲರೂ ಕೇಳುವುದು, ‘ಕರಡಿ ಕಂಡಿತಾ?’ ಎರಡನೆಯ ಪ್ರಶ್ನೆಯನ್ನು ಮಾತ್ರ ಸ್ವಲ್ಪ ಹಿಂದೆಮುಂದೆ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ: ‘ಮತ್ತೆ ಬಾತ್‌ರೂಮಿಗೆಲ್ಲ ಏನು ಮಾಡ್ತಿದ್ರಿ?’ ನನ್ನನ್ನು ಕೇಳಿದರೆ ಎರಡನೆಯದೇ ಸರಿಯಾದ ಪ್ರಶ್ನೆ. ಜೂನ್ ತಿಂಗಳಲ್ಲಿ ಕರಡಿ ತನ್ನ ಪಾಡಿಗೆ ರಸ್ತೆ ಬದಿಯಲ್ಲಿ ಡ್ಯಾಂಡಲಿಯನ್ ಮೇಯುತ್ತಿರುತ್ತದೆ, ಗಾಡಿಯಿಂದ ಇಳಿಯದೆ ನೋಡಿಕೊಂಡು ಮುಂದೆ ಹೋದರಾಯಿತು. ನೀರು, ಕೊಳೆನೀರು, ಗ್ಯಾಸು, ಪೆಟ್ರೋಲು ಹಾಗಲ್ಲ. ಬೆಳಗಾದರೆ ಇವುಗಳದ್ದೇ ಲೆಕ್ಕ. ಆ ಲೆಕ್ಕ ಕೈಗೆ ಹತ್ತಿದ ಮೇಲಷ್ಟೇ ನನಗೆ ಕಾಡು, ಬೆಟ್ಟ, ಸರೋವರ ಕಣ್ಣಿಗೆ ಬಿದ್ದದ್ದು.

ನಾವಿರುವುದು ಕೆನಡಾದ ಎಡ್ಮಂಟನ್‌ನಲ್ಲಿ. ಮಗಳು ಓದು ಮುಗಿಸಿ ಟೊರಾಂಟೊದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಇವರು ಇಪ್ಪತ್ತೈದು ಅಡಿ ಉದ್ದದ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ಒಂದನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಬಾಡಿಗೆಗೂ ಸಿಗುತ್ತದೆ. ಆದರೆ ಬಾಡಿಗೆ ಗಾಡಿಯನ್ನು ಜಲ್ಲಿ ರಸ್ತೆಗೆ ಇಳಿಸಲು ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ, ಉತ್ತರದಲ್ಲಿ ನೋಡಲೇಬೇಕಾದ ಎಷ್ಟೋ ಜಾಗಗಳು ಇರುವುದು ಜಲ್ಲಿ ರಸ್ತೆಯ ಬದಿಗೇ. ನಮ್ಮಲ್ಲಿಂದ ವಾಯವ್ಯಕ್ಕೆ ಸುಮಾರು 600 ಕಿ.ಮೀ. ಹೋದರೆ ಬ್ರಿಟಿಷ್ ಕೊಲಂಬಿಯಾದ ಡಾಸನ್ ಕ್ರೀಕ್. ಅಲಾಸ್ಕಾ ಹೆದ್ದಾರಿ ಶುರುವಾಗುವುದು ಅಲ್ಲಿ. ಅಲ್ಲಿಂದ ಫೋರ್ಟ್ ನೆಲ್ಸನ್, ವಾಟ್ಸನ್ ಲೇಕ್, ವೈಟ್‌ಹಾರ್ಸ್, ಕ್ಲುವಾನಿ ಸರೋವರ; ಮತ್ತೆ ವೈಟ್‌ಹಾರ್ಸ್‌ಗೆ ತಿರುಗಿ ಬಂದು ಉತ್ತರಕ್ಕೆ ಡಾಸನ್ ಸಿಟಿ. (ಡಾಸನ್ ಕ್ರೀಕ್ ಬೇರೆ, ಡಾಸನ್ ಸಿಟಿ ಬೇರೆ. ಒಂದರಿಂದ ಇನ್ನೊಂದಕ್ಕೆ ಹತ್ತಿರಹತ್ತಿರ ಎರಡು ಸಾವಿರ ಕಿ.ಮೀ.) ಯೂಕಾನ್ ಪ್ರದೇಶ ಕರ್ನಾಟಕದ ಎರಡೂವರೆ ಪಟ್ಟು ದೊಡ್ಡದು, ಜನಸಂಖ್ಯೆ ಮಾತ್ರ 50 ಸಾವಿರ ಮುಟ್ಟಿಲ್ಲ. ಅವರಲ್ಲೂ ಹೆಚ್ಚಿನವರು ವೈಟ್‌ಹಾರ್ಸ್‌ನಲ್ಲೇ ಇರುತ್ತಾರೆ. ಉಳಿದ ಜಾಗವೆಲ್ಲ ಯಾರದ್ದು ಎಂದು ಕೇಳಿದರೆ ಮೂಲನಿವಾಸಿಗಳ ನೂರಾರು ತಲೆಮಾರುಗಳದ್ದು, ಆಮೇಲೆ ಸೊಳ್ಳೆಗಳದ್ದು.

ಈಗ ಟ್ಯಾಂಕಿನ ವಿಷಯ. ಗಾಡಿಯ ಹೊಟ್ಟೆಯಲ್ಲಿ ಮೂರು ಇರುತ್ತವೆ. ಒಂದು ಒಳ್ಳೆಯ ನೀರಿಗೆ. ಇನ್ನೊಂದು ಸಿಂಕು ಮತ್ತು ಸ್ನಾನದ ಬಚ್ಚಲ ನೀರಿಗೆ, ಇದಕ್ಕೆ ಗ್ರೇ ಟ್ಯಾಂಕ್ ಎನ್ನುತ್ತಾರೆ. ಮೂರನೆಯದು ಬ್ಲ್ಯಾಕ್ ಟ್ಯಾಂಕ್, ಅದಕ್ಕೆ ವಿವರಣೆ ಬೇಡ. ನಮ್ಮಂಥವರ ಅಡುಗೆಗೆ ಮೊದಲು ತುಂಬುವುದು ಗ್ರೇ ಟ್ಯಾಂಕು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಎಣ್ಣೆ ಜಿಡ್ಡಿನ ಬಾಣಲೆ ಉಜ್ಜಿದ ನೀರು, ಒಂದೇ ಎರಡೇ. ಅದು ತುಂಬಿದರೆ ಸ್ನಾನದ ಬಚ್ಚಲಲ್ಲಿ ನೀರು ಮೇಲಕ್ಕೆ ಉಕ್ಕುತ್ತದೆ. ಹಾಗಾಗಿ ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಬಿಡದೆ ಬಕೆಟ್ಟಿನಲ್ಲಿ ಹಿಡಿದಿಟ್ಟು ಟಾಯ್ಲೆಟ್ಟಿಗೆ ಸುರಿಯುವುದನ್ನು ರೂಢಿ ಮಾಡಿಕೊಂಡೆವು. ಬ್ಲ್ಯಾಕ್ ಟ್ಯಾಂಕಿಗೆ ನೀರು ಬಿದ್ದಷ್ಟೂ ಒಳ್ಳೆಯದು, ಕಾಗದ ಬಿದ್ದಷ್ಟೂ ಕಷ್ಟ. ಇಲ್ಲಿನವರು ಅಂಗಡಿಯಲ್ಲಿ ಬೇಗ ಕರಗುವ ಕಾಗದ ಹುಡುಕಿಕೊಂಡು ಅಲೆಯುವಾಗ, ಚೊಂಬಿನ ಅಭ್ಯಾಸದ ನಮಗೆ ಆ ಚಿಂತೆಯೇ ಇರಲಿಲ್ಲ.

ಚೊಂಬು ಸ್ನಾನಕ್ಕೂ ಆಯಿತು. ಶವರ್ ತಿರುಗಿಸಿದರೆ ಬಿಸಿನೀರು ಬರುವಷ್ಟರಲ್ಲೇ ಒಂದೆರಡು ಲೀಟರ್ ತಣ್ಣೀರು ವ್ಯರ್ಥ. ಸಣ್ಣ ಬಕೆಟ್ಟಿನಲ್ಲಿ ನೀರು ಬೆರೆಸಿಕೊಂಡು, ಮೊಣಕೈ ಎರಡೂ ಕಡೆ ಗೋಡೆಗೆ ತಾಗುವ ಆ ಬಚ್ಚಲಲ್ಲಿ ಕೂತು ಮೈಮೇಲೆ ಹುಯ್ದುಕೊಂಡರೆ ಐದಾರು ಲೀಟರಿನಲ್ಲಿ ಸೊಗಸಾದ ಸ್ನಾನ. ಯೂಕಾನ್ ಸರ್ಕಾರದ ಕ್ಯಾಂಪ್‌ಗ್ರೌಂಡುಗಳಲ್ಲಿ ಕರೆಂಟ್ ಇಲ್ಲ, ನಲ್ಲಿ ಇಲ್ಲ. ಎಷ್ಟೋ ಕಡೆ ಇರುವುದು ಕೈಪಂಪು, ಆ ನೀರನ್ನೂ ಕಾಯಿಸಿ ಕುಡಿಯಿರಿ ಎಂದು ಬೋರ್ಡು ಹಾಕಿರುತ್ತಾರೆ. ಸೌದೆ ಮಾತ್ರ ಧಾರಾಳ, ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಬಾಡಿಗೆಯನ್ನು ನಾವೇ ಲಕೋಟೆಗೆ ಹಾಕಿ, ಹೆಸರು ಬರೆದು ಪೆಟ್ಟಿಗೆಗೆ ಹಾಕಬೇಕು.

ಇನ್ನು ಖಾಲಿ ಮಾಡುವ ಕೆಲಸ. ಇದಕ್ಕೆಂದೇ ಊರೂರಲ್ಲಿ ಸ್ಯಾನಿ-ಡಂಪ್ ಎಂಬ ಜಾಗಗಳಿವೆ. ಕೈಗವಸು ತೊಟ್ಟು, ದಪ್ಪ ಪೈಪನ್ನು ಗಾಡಿಗೂ ನೆಲದ ಬಾಯಿಗೂ ಸೇರಿಸಿ, ಮೊದಲು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಎಳೆಯಬೇಕು. ಅದು ಪೂರ್ತಿ ಇಳಿದ ಮೇಲೆ ಗ್ರೇ. ಸಾಬೂನು ನೀರು ಹಿಂದಿನಿಂದ ಬಂದು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಈ ಕ್ರಮ ತಪ್ಪಬಾರದು. ಕುಡಿಯುವ ನೀರಿನ ಬಿಳಿ ಪೈಪು ಬೇರೆ ಖಾನೆಯಲ್ಲೇ ಇರಬೇಕು, ಅಪ್ಪಿತಪ್ಪಿಯೂ ಇದರ ಪಕ್ಕ ಸುಳಿಯಬಾರದು. ತೀರ್ಥಹಳ್ಳಿಯಿಂದ ವಿಡಿಯೊ ಕಾಲ್ ಮಾಡಿದ್ದ ನಮ್ಮತ್ತೆ ಇದನ್ನೆಲ್ಲ ನೋಡಿ, ‘ಅಲ್ವೇ, ಅಡುಗೆ ಮಾಡೋ ಜಾಗದ ಕೆಳಗೇ ಅದೂ ಇರತ್ತಾ?’ ಎಂದು ದಂಗಾದರು. ‘ಹೌದಮ್ಮ, ಆದ್ರೆ ಬಿಳಿ ಪೈಪಿಗೆ ನಿಮಗಿಂತ ಹೆಚ್ಚು ಮಡಿ’ ಎಂದು ಇವರು ಅಂದಾಗ ಅವರಿಗೆ ಎಷ್ಟು ಸಮಾಧಾನವಾಯಿತೋ ಗೊತ್ತಿಲ್ಲ.

ಪೆಟ್ರೋಲಿನದು ಬೇರೆ ಕಥೆ. ನಮ್ಮ ಗಾಡಿ ಲೀಟರಿಗೆ ನಾಲ್ಕು, ಹೆಚ್ಚೆಂದರೆ ಐದು ಕಿ.ಮೀ. ಕೊಡುತ್ತದೆ. ಫೋರ್ಟ್ ನೆಲ್ಸನ್‌ನಿಂದ ವಾಟ್ಸನ್ ಲೇಕ್‌ಗೆ 500 ಕಿ.ಮೀ.ಗೂ ಹೆಚ್ಚು, ನಡುವೆ ಊರು ಎನ್ನುವಂಥದ್ದಿಲ್ಲ. ಒಂದು ಕಾಲದಲ್ಲಿ ದಾರಿಯುದ್ದಕ್ಕೂ ಲಾಡ್ಜುಗಳಿದ್ದವು, ಈಗ ಎಷ್ಟೋ ಮುಚ್ಚಿಹೋಗಿ ಬೋರ್ಡು ಮಾತ್ರ ಉಳಿದಿದೆ. ಬೋರ್ಡು ನಂಬಿ ಹೋಗುವ ಹಾಗಿಲ್ಲ, ಟ್ಯಾಂಕು ಅರ್ಧಕ್ಕೆ ಇಳಿಯುವ ಮೊದಲೇ ಎಲ್ಲಿ ಬಂಕ್ ತೆರೆದಿರುತ್ತದೋ ಅಲ್ಲಿ ತುಂಬಿಸಿಕೊಳ್ಳಬೇಕು. ರೇಟು ನೋಡಿ ‘ಮುಂದಿನದರಲ್ಲಿ ಹಾಕಿಸಿದರಾಯ್ತು’ ಎನ್ನುವುದು ಎಡ್ಮಂಟನ್‌ನ ಬುದ್ಧಿ, ಇಲ್ಲಿ ನಡೆಯುವುದಿಲ್ಲ. ತೆರೆದಿರುವ ಲಾಡ್ಜುಗಳಲ್ಲಿ ನಿಂತು ಒಂದು ದಾಲ್ಚಿನ್ನಿ ಬನ್ ತಿನ್ನುವುದು ಕಡ್ಡಾಯ. ಟೆಟ್ಸಾ ನದಿ ಬಳಿ ಸಿಕ್ಕಿದ್ದು ಇಬ್ಬರಿಗೆ ಒಂದು ಸಾಕಾಗುವಷ್ಟಿತ್ತು.

ಈ ರಸ್ತೆಯನ್ನು ಪ್ರವಾಸಿಗರಿಗೆಂದು ಯಾರೂ ಮಾಡಿದ್ದಲ್ಲ. 1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಮೇಲೆ ಅಲಾಸ್ಕಾಕ್ಕೆ ನೆಲದ ದಾರಿ ಬೇಕೆಂದು ಅಮೆರಿಕದ ಸೇನೆ 1942ರ ಮಾರ್ಚ್‌ನಲ್ಲಿ ಕೆಲಸ ಶುರುಮಾಡಿ ಅಕ್ಟೋಬರ್ ಹೊತ್ತಿಗೆ ಎರಡು ತುದಿ ಕೂಡಿಸಿತು. ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು ದುಡಿದರು, ಅವರಲ್ಲಿ ಮೂರನೇ ಒಂದು ಪಾಲು ಕಪ್ಪು ಸೈನಿಕರು. ಆಗಿನ್ನೂ ಅವರ ರೆಜಿಮೆಂಟುಗಳೇ ಬೇರೆ. ಜನಸಾಮಾನ್ಯರಿಗೆ ರಸ್ತೆ ತೆರೆದದ್ದು 1948ರಲ್ಲಿ. ವಾಟ್ಸನ್ ಲೇಕ್‌ನಲ್ಲಿ ಊರಿನ ಹೆಸರಿನ ಫಲಕಗಳದ್ದೇ ಒಂದು ಕಾಡಿದೆ. ಮನೆ ನೆನಪಾದ ಕಾರ್ಲ್ ಲಿಂಡ್ಲಿ ಎಂಬ ಸೈನಿಕ 1942ರಲ್ಲಿ ತನ್ನೂರಿನ ಫಲಕ ನೆಟ್ಟದ್ದೇ ಅದಕ್ಕೆ ಶುರು. ಇವರು ಅದರೊಳಗೆ ತುಂಬ ಹೊತ್ತು ಅಲೆದು, ಕನ್ನಡದ್ದೊಂದು ಸಿಗಲಿಲ್ಲವೆಂದು ಸಪ್ಪೆ ಮೋರೆ ಹಾಕಿಕೊಂಡು ಬಂದರು.

ಸೈನಿಕರು ಪಟ್ಟ ಪಾಡೊಂದು ನಮ್ಮ ಅಡುಗೆಮನೆಗೂ ಬಂದು ಮುಟ್ಟಿತು. ಉತ್ತರದ ನೆಲದಡಿ ವರ್ಷವಿಡೀ ಕರಗದ ಹೆಪ್ಪುನೆಲವಿದೆ, ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಮೊದಮೊದಲು ಅವರು ಬುಲ್ಡೋಜರ್‌ನಿಂದ ಮೇಲಿನ ಪಾಚಿ, ಮಣ್ಣು ಹೆರೆದು ಹಾಕಿದರು. ಬಿಸಿಲು ತಾಗಿದ್ದೇ ಕೆಳಗಿನ ಮಂಜು ಕರಗಿ ಯಂತ್ರಗಳೇ ಕೆಸರಲ್ಲಿ ಹೂತುಹೋದವು. ಆಮೇಲೆ ಪಾಚಿಯನ್ನು ಹಾಗೇ ಬಿಟ್ಟು ಅದರ ಮೇಲೆ ಮರದ ದಿಮ್ಮಿ ಹಾಸುವುದನ್ನು ಕಲಿತರು. ಆ ನೆಲ ಇಂದಿಗೂ ಏಳುತ್ತದೆ, ಕುಸಿಯುತ್ತದೆ. ಡಿಸ್ಟ್ರಕ್ಷನ್ ಬೇಯಿಂದ ಬೀವರ್ ಕ್ರೀಕ್ ಕಡೆಗೆ ರಸ್ತೆ ಅಲೆಅಲೆಯಾಗಿದೆ. ಅಂಚಿಗೆ ಚಿಕ್ಕ ಕಿತ್ತಳೆ ಬಾವುಟ ಕಂಡರೆ ಬ್ರೇಕ್ ಮೇಲೆ ಕಾಲಿಡಬೇಕು. ಐವತ್ತರ ವೇಗ ದಾಟಿದರೆ ಹಿಂದಿನಿಂದ ಒಂದೊಂದೇ ಸದ್ದು: ಚಮಚದ ಡ್ರಾಯರ್ ತೆರೆದುಕೊಂಡದ್ದು, ಸಾರಿನ ಪುಡಿ ಡಬ್ಬಿ ಉರುಳಿದ್ದು. ಪ್ರೆಷರ್ ಕುಕ್ಕರನ್ನು ನಾನು ಟವೆಲ್ ಸುತ್ತಿ ಸಿಂಕಿನೊಳಗೇ ಇಡುತ್ತಿದ್ದೆ. ಭಾರದ್ದೆಲ್ಲ ಕೆಳಗೆ, ಗಾಜಿನದ್ದು ಯಾವುದೂ ಬೇಡ. ಉಪ್ಪಿನಕಾಯಿಯೂ ಪ್ಲಾಸ್ಟಿಕ್ ಡಬ್ಬಿಗೆ.

ಕ್ಲುವಾನಿ ಸರೋವರದ ದಕ್ಷಿಣ ತುದಿಯಲ್ಲಿ ಸ್ಲಿಮ್ಸ್ ನದಿಯ ಸೇತುವೆ ದಾಟುವಾಗ ಕೆಳಗೆ ನದಿಗಿಂತ ಧೂಳೇ ಹೆಚ್ಚಿತ್ತು. ಕಾಸ್ಕವುಲ್ಶ್ ಎಂಬ ಹಿಮನದಿಯ ಕರಗುನೀರು ಈ ದಾರಿಯಲ್ಲಿ ಸರೋವರಕ್ಕೆ ಇಳಿದು, ಯೂಕಾನ್ ನದಿ ಸೇರಿ ಬೇರಿಂಗ್ ಸಮುದ್ರಕ್ಕೆ ಹೋಗುತ್ತಿತ್ತು. ಹಿಮನದಿ ಹಿಂದೆ ಸರಿದದ್ದರಿಂದ 2016ರಲ್ಲಿ ಆ ನೀರು ಇನ್ನೊಂದು ಕಣಿವೆಗೆ ತಿರುಗಿಕೊಂಡು ಅಲಾಸ್ಕಾ ಕೊಲ್ಲಿಯ ದಾರಿ ಹಿಡಿಯಿತು. ಸಾವಿರಾರು ವರ್ಷಗಳಲ್ಲಿ ಆಗುವಂಥದ್ದು ಎಂದು ಪಾಠದಲ್ಲಿ ಓದಿದ್ದು ಕೆಲವೇ ದಿನಗಳಲ್ಲಿ ಆಗಿಹೋಯಿತು. ಗಾಳಿ ಎದ್ದರೆ ಖಾಲಿ ಪಾತ್ರದ ಹೂಳೆಲ್ಲ ಹೆದ್ದಾರಿ ಮೇಲೆ. ಅಲ್ಲಿ ನಿಂತಾಗ ನಾವಿಬ್ಬರೂ ಮಾತಾಡಲಿಲ್ಲ. ಲೀಟರಿಗೆ ನಾಲ್ಕು ಕಿ.ಮೀ. ಕೊಡುವ ಗಾಡಿಯಲ್ಲಿ ಹೋಗಿ ಇದನ್ನು ನೋಡಿದವರು ಮಾತಾಡಲು ಮುಖವೂ ಬೇಕಲ್ಲ.

ಬೆಳಕಿನ ಬಗ್ಗೆ ಯಾರೂ ಸರಿಯಾಗಿ ಎಚ್ಚರಿಸುವುದಿಲ್ಲ. ಜೂನ್‌ನಲ್ಲಿ ವೈಟ್‌ಹಾರ್ಸ್‌ನಲ್ಲಿ ಹಗಲು ಸುಮಾರು 19 ಗಂಟೆ, ಉಳಿದ ಹೊತ್ತೂ ಪೂರ್ತಿ ಕತ್ತಲಾಗುವುದಿಲ್ಲ. ಕಿಟಕಿಗೆ ಅಲ್ಯುಮಿನಿಯಂ ಹಾಳೆ ಅಂಟಿಸಿದರೆ ನಿದ್ದೆ ಬರುತ್ತದೆ, ಅದು ಸುಲಭ. ಕಷ್ಟವಿರುವುದು ಓಡಿಸುವವರಿಗೆ. ಬಿಸಿಲಿದೆಯಲ್ಲ ಎಂದು ಇನ್ನೂ ನೂರು ಕಿ.ಮೀ., ಇನ್ನೂ ನೂರು ಎನ್ನುತ್ತಾ ರಾತ್ರಿ ಹತ್ತಾದರೂ ಸ್ಟೀರಿಂಗ್ ಬಿಡಲು ಮನಸ್ಸಾಗದು. ಕಾಡೆಮ್ಮೆಯಷ್ಟು ದಪ್ಪದ ಬೈಸನ್‌ಗಳು ಲಿಯರ್ಡ್ ನದಿಯ ಆಸುಪಾಸಿನಲ್ಲಿ ರಸ್ತೆಯ ಮೇಲೇ ಬಂದು ನಿಲ್ಲುತ್ತವೆ. ಮಂಚೋ ಸರೋವರದ ಬಳಿ ಕಾಡುಕುರಿಗಳು ಉಪ್ಪಿನಂಶ ನೆಕ್ಕುತ್ತಾ ತಿರುವಿನಲ್ಲೇ ನಿಂತಿರುತ್ತವೆ. ದಣಿದ ಕಣ್ಣಿಗೆ ಇವು ತಡವಾಗಿ ಕಾಣುತ್ತವೆ. ಅದಕ್ಕೇ ದಿನಕ್ಕೆ 300 ಕಿ.ಮೀ., ಸಂಜೆ ಐದಕ್ಕೆ ಬಂದ್ ಎಂದು ನಾನು ಪಟ್ಟು ಹಿಡಿದೆ. ಮೊದಲು ಗೊಣಗಿದ ಇವರು ಆಮೇಲೆ ನಾಲ್ಕೂವರೆಗೇ ಜಾಗ ಹುಡುಕತೊಡಗಿದರು.

ಲಿಯರ್ಡ್ ಬಿಸಿನೀರಿನ ಬುಗ್ಗೆಯಲ್ಲಿ ಮಾತ್ರ ಲೆಕ್ಕ ಬಿಟ್ಟು ಎರಡು ರಾತ್ರಿ ತಂಗಿದೆವು. ಕಾಡಿನೊಳಗೆ ಹಲಗೆ ಹಾಸಿದ ದಾರಿ, ತುದಿಯಲ್ಲಿ ಹೊಗೆಯಾಡುವ ಕೊಳ. ನೀರು 42 ಡಿಗ್ರಿಯಿಂದ 52 ಡಿಗ್ರಿವರೆಗೆ, ಮೂಲದ ಹತ್ತಿರ ಹೋದಷ್ಟೂ ಚುರುಕು. ಬೋರ್ಡುಗಳೆಲ್ಲ ಕರಡಿಯದ್ದೇ. 1997ರಲ್ಲಿ ಇಲ್ಲಿ ಕರಡಿ ದಾಳಿಗೆ ಇಬ್ಬರು ಸತ್ತಿದ್ದಾರೆ. ಹಾಗಾಗಿ ಇಂಗು ಬೆಳ್ಳುಳ್ಳಿ ಒಗ್ಗರಣೆಯನ್ನು ಹೊರಗಿನ ಒಲೆಯಲ್ಲಿ ಹಾಕುವ ಆಸೆ ಬಿಟ್ಟು, ಸಂಜೆ ಮೊಸರವಲಕ್ಕಿಯಲ್ಲಿ ಮುಗಿಸುತ್ತಿದ್ದೆವು. ಗ್ಯಾಸೂ ಉಳಿಯಿತು, ಪಾತ್ರೆಯೂ ಉಳಿಯಿತು.

ಜೋಡಿಯಾಗಿ ಹೊರಡುವವರು ಮೊದಲು ಒಪ್ಪಂದ ಮಾಡಿಕೊಳ್ಳಬೇಕಾದ್ದು ರಿವರ್ಸ್ ವಿಷಯದಲ್ಲಿ. ನಾನು ಹಿಂದೆ ನಿಂತು ‘ಬಲಕ್ಕೆ, ಬಲಕ್ಕೆ’ ಎನ್ನುವುದು, ಇವರು ಕಿಟಕಿಯಿಂದ ತಲೆ ಹಾಕಿ ‘ನಿನ್ನ ಬಲಕ್ಕೋ ನನ್ನ ಬಲಕ್ಕೋ?’ ಎನ್ನುವುದು, ಪಕ್ಕದ ಗಾಡಿಯವರು ಕುರ್ಚಿ ಹಾಕಿಕೊಂಡು ನೋಡುವುದು. ಕೊನೆಗೆ ಎಡ-ಬಲ ಎರಡನ್ನೂ ರದ್ದು ಮಾಡಿದೆವು. ಒಂದು ‘ಡ್ರೈವರ್ ಕಡೆ’, ಇನ್ನೊಂದು ‘ಬಾಗಿಲ ಕಡೆ’. ನಾನು ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ನಿಲ್ಲಬೇಕು, ಅಷ್ಟೆ. ಅಂದಿನಿಂದ ಜಗಳಕ್ಕೆ ಬೇರೆ ವಿಷಯ ಹುಡುಕಬೇಕಾಯಿತು.

ಟೈರು ಆ ಕೊರತೆ ತುಂಬಿತು. ಹಿಂದಿನ ಚಕ್ರಗಳು ಜೋಡಿ ಟೈರಿನವು. ಎರಡರ ನಡುವೆ ಕಲ್ಲು ಸಿಕ್ಕಿಕೊಂಡರೆ ಒಳಗಿನದು ಕೊಯ್ದುಹೋಗುತ್ತದೆ. ದಿನಾ ಬೆಳಿಗ್ಗೆ ನಮ್ಮೂರ ಲಾರಿ ಕ್ಲೀನರ್ ಹಾಗೆ ಇವರು ಕೋಲು ಹಿಡಿದು ತಟ್ಟುವುದು, ನಾನು ಟಾರ್ಚ್ ಬಿಟ್ಟು ಕಲ್ಲು ನೋಡುವುದು. ಡಾಸನ್ ಸಿಟಿಯ ಸಮೀಪದಿಂದ ಉತ್ತರಕ್ಕೆ ಡೆಂಪ್‌ಸ್ಟರ್ ಹೆದ್ದಾರಿ ಹೊರಡುತ್ತದೆ. ಇನುವಿಕ್‌ವರೆಗೆ 700 ಕಿ.ಮೀ. ಮೀರಿದ ಜಲ್ಲಿ ರಸ್ತೆ, 2017ರಿಂದ ಅಲ್ಲಿಂದಲೂ ಮುಂದೆ ಆರ್ಕ್ಟಿಕ್ ಸಮುದ್ರದ ದಡದ ಟುಕ್ಟೊಯಾಕ್ಟುಕ್‌ವರೆಗೆ. ಹೆಪ್ಪುನೆಲ ಕರಗದಿರಲೆಂದು ಅಲ್ಲಿ ಜಲ್ಲಿಯನ್ನು ಆಳೆತ್ತರಕ್ಕೆ ಏರಿಸಿದ ಜಾಗಗಳಿವೆ. ಮೊದಲ ಪೆಟ್ರೋಲ್ ಸಿಗುವುದು 369ನೇ ಕಿ.ಮೀ.ನ ಈಗಲ್ ಪ್ಲೇನ್ಸ್‌ನಲ್ಲಿ. ನಾವು 71ನೇ ಕಿ.ಮೀ.ನ ಟೂಂಬ್‌ಸ್ಟೋನ್ ಪಾರ್ಕಿನವರೆಗೆ ಹೋಗಿ, ಮೊನಚು ಮೊನಚಾದ ಕರಿಯ ಬೆಟ್ಟಗಳನ್ನು ನೋಡಿ ತಿರುಗಿದೆವು. ನಮ್ಮ ಹತ್ತಿರ ಇದ್ದದ್ದು ಒಂದೇ ಸ್ಟೆಪ್ನಿ. ಎರಡು ಸ್ಟೆಪ್ನಿಯಿಲ್ಲದೆ ಆ ರಸ್ತೆಯಲ್ಲಿ ಮುಂದೆ ಹೋಗಬಾರದು ಎನ್ನುವುದು ನನ್ನ ಅಭಿಪ್ರಾಯ. ಟೈರು ನೆಟ್ಟಗೆ ನೋಡಿಕೊಂಡರೆ ಒಂದು ಸಾಕು ಎನ್ನುವುದು ಇವರದ್ದು. ಬರುವ ಬೇಸಿಗೆಗೆ ಟುಕ್ಟೊಯಾಕ್ಟುಕ್ ಎಂದು ಈಗಾಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ. ನಾನು ಅದರ ಕೆಳಗೆ ಟೈರಿನ ಸೈಜು ಬರೆದಿಟ್ಟಿದ್ದೇನೆ.