ಗ್ರಂಥಕರ್ತರೇ ತೆರೆದ ಅಂಗಡಿ

'ಪ್ರವರ್ತಕ' ಎಂಬ ಶಬ್ದಕ್ಕೆ ನಡೆಯುವಂತೆ ಮಾಡುವವನು, ಚಲನೆಯನ್ನುಂಟುಮಾಡುವವನು ಎಂದು ಅರ್ಥ. ಗ್ರಂಥವನ್ನು ರಚಿಸುವವನು ಕರ್ತೃ. ಅದನ್ನು ಓದುಗನ ಮನೆಯವರೆಗೆ ನಡೆಸುವವನು ಪ್ರವರ್ತಕ. ನಮ್ಮ ನಾಡಿನಲ್ಲಿ ಇವರಿಬ್ಬರೂ ಬಹುಕಾಲದಿಂದ ಬೇರೆಬೇರೆ ವ್ಯಕ್ತಿಗಳೇ ಆಗಿದ್ದಾರೆ. ಲಾಭದಲ್ಲಿ ಕರ್ತೃವಿಗೆ ಉಳಿಯುವುದು ಸಾಮಾನ್ಯವಾಗಿ ಕಿರುಪಾಲು. ಈ ಇಬ್ಬರನ್ನೂ ಒಬ್ಬನನ್ನಾಗಿಸಲು ನೆರೆಯ ಕೇರಳದಲ್ಲಿ ನಡೆದ ಪ್ರಯತ್ನವು ಅಧ್ಯಾಪಕರೂ ವಿದ್ಯಾಭಿಮಾನಿಗಳೂ ಗಮನಿಸತಕ್ಕುದಾಗಿದೆ.

1945ರಲ್ಲಿ, ಆಗ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ಕೊಟ್ಟಾಯಂ ಪಟ್ಟಣದಲ್ಲಿ, ಹನ್ನೆರಡು ಮಂದಿ ಮಲಯಾಳ ಲೇಖಕರು ಕೂಡಿ 'ಸಾಹಿತ್ಯ ಪ್ರವರ್ತಕ ಸಹಕರಣ ಸಂಘ'ವನ್ನು ಸ್ಥಾಪಿಸಿದರು. ಮೂಲಧನ ಕೇವಲ 120 ರೂಪಾಯಿ. ವಿಮರ್ಶಕರಾದ ಎಂ. ಪಿ. ಪಾಲ್ ಅಧ್ಯಕ್ಷರಾದರು. ಕಾರ್ಯದರ್ಶಿಯಾದ ಕಾರೂರು ನೀಲಕಂಠ ಪಿಳ್ಳೆಯವರು ಕಥೆಗಾರರು, ಶಾಲಾ ಅಧ್ಯಾಪಕರಾಗಿದ್ದವರು. ಸಂಘದ ಮೊದಲ ಪ್ರಕಟಣೆ ತಕಳಿ ಶಿವಶಂಕರ ಪಿಳ್ಳೆಯವರ ಕಥೆಗಳ ಸಂಕಲನ.

ಸಹಕಾರವೆಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘವು ಹುಟ್ಟಿತು. ಆದರೆ ಅದು ರೈತನ ಸಾಲದ ತೊಡಕನ್ನು ಬಿಡಿಸಲು ಹುಟ್ಟಿದ್ದು. ಲೇಖಕನೂ ಒಂದು ಬೆಳೆಯನ್ನು ಬೆಳೆಯುವವನು, ಅವನ ಬೆಳೆಗೂ ದಲ್ಲಾಳಿಯ ಕಾಟವುಂಟು ಎಂದು ಎಣಿಸಿದ್ದು ಕೊಟ್ಟಾಯದವರ ವಿಶೇಷ. ಲೇಖಕನಿಗೆ ಪುಸ್ತಕದ ಬೆಲೆಯಲ್ಲಿ ನೂರಕ್ಕೆ 30ರಷ್ಟು ಗೌರವಧನವನ್ನು ಈ ಸಂಘವು ಗೊತ್ತುಪಡಿಸಿತು. ನೂರಕ್ಕೆ ಹತ್ತು ದೊರೆತರೆ ಸಾಕೆನ್ನುವ ಲೇಖಕರಿಗೆ ಇದು ನಂಬಲಾಗದ ಮಾತು.

ಆದರೆ ಅಚ್ಚು ಹಾಕಿಸುವುದು ಸುಲಭ, ಮಾರುವುದು ಕಷ್ಟ. ಇದು ಸ್ವಾನುಭವದ ಮಾತು. ಸಂಧಿಪ್ರಕರಣವನ್ನು ಕುರಿತ ಒಂದು ಕಿರುಹೊತ್ತಗೆಯನ್ನು ಹಿಂದೊಮ್ಮೆ ಕೈಯಿಂದ ಹಣ ಹಾಕಿ ಮುದ್ರಿಸಿ, ಮಾರಾಟವಾದ ಮೇಲೆ ಹಣವೆಂಬ ಕರಾರಿನ ಮೇಲೆ ಅಂಗಡಿಯೊಂದರಲ್ಲಿ ಇರಿಸಿದ್ದೆನು. ಪ್ರತಿಗಳೆಲ್ಲ ತೀರಿದವು; ಹಣ ಮಾತ್ರ ಬರಲಿಲ್ಲ. ಲೋಪಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಈವರೆಗೂ ಸಿಕ್ಕಿಲ್ಲ!

ಕೊಟ್ಟಾಯದ ಲೇಖಕರು ಈ ಗಂಟನ್ನು 1949ರಲ್ಲಿ ಬಿಡಿಸಿದರು. ಡಿ. ಸಿ. ಕಿಳಕ್ಕೆಮುರಿಯವರು 1945ರಲ್ಲಿಯೇ ಗೆಳೆಯರೊಡನೆ ಆರಂಭಿಸಿದ್ದ 'ನ್ಯಾಷನಲ್ ಬುಕ್ ಸ್ಟಾಲ್' ಎಂಬ ಅಂಗಡಿಯು ಸಂಘದಲ್ಲಿ ಲೀನವಾಯಿತು. ಅದೇ ಹೆಸರಿನ ಶಾಖೆಗಳು ಮುಂದೆ ಕೇರಳದ ಊರೂರುಗಳಲ್ಲಿ ತೆರೆದವು. ಅಂಗಡಿಯೂ ಸಂಘದ್ದೇ ಆದುದರಿಂದ ಮಾರಾಟದ ಲೆಕ್ಕವು ಪರರ ವಹಿಯಲ್ಲಿ ಮರೆಯಾಗುವಂತಿರಲಿಲ್ಲ. ಯಾವ ಊರಿನಲ್ಲಿ ಯಾವ ಪುಸ್ತಕ ಓಡುತ್ತದೆ ಎಂಬುದೂ ತಿಳಿಯುತ್ತಿತ್ತು. ಕೊಳ್ಳುವವರೂ ಸಿದ್ಧರಾಗುತ್ತಿದ್ದರು. ಅದೇ 1945ರಲ್ಲಿ ಪಿ. ಎನ್. ಪಣಿಕ್ಕರರು 47 ಗ್ರಾಮ ಗ್ರಂಥಾಲಯಗಳನ್ನು ಒಂದುಗೂಡಿಸಿ ತಿರುವಾಂಕೂರಿನ ಗ್ರಂಥಶಾಲಾ ಸಂಘವನ್ನು ಕಟ್ಟಿದ್ದರು. ಬರೆಯುವವರ ಸಂಘ, ಓದುವವರ ಸಂಘ ಇವೆರಡೂ ಒಂದೇ ವರ್ಷ ಹುಟ್ಟಿದ್ದು ಮಲಯಾಳ ಸಾಹಿತ್ಯದ ಪುಣ್ಯವೆನ್ನಬೇಕು.

ಇಷ್ಟಾದರೂ ದಾರಿ ನಿಷ್ಕಂಟಕವಾಗಿರಲಿಲ್ಲ. ಮಾರಾಟದ ಕಲೆಯನ್ನು ಬಲ್ಲ ಕಿಳಕ್ಕೆಮುರಿಯವರು ಸಂಘದಿಂದ ಹೊರಬಂದು 1974ರಲ್ಲಿ 'ಡಿ. ಸಿ. ಬುಕ್ಸ್' ಎಂಬ ಸ್ವಂತ ಪ್ರಕಾಶನವನ್ನು ತೆರೆದರು; ಅದು ಮಲಯಾಳದ ಬಲಿಷ್ಠ ಪ್ರಕಾಶನಗಳಲ್ಲೊಂದಾಗಿ ಬೆಳೆಯಿತು. ಇದರಿಂದ ಸಹಕಾರ ತತ್ತ್ವವೇ ಸೋತಿತೆಂದು ತೀರ್ಮಾನಿಸುವವರ ಮಾತನ್ನು ನಾನು ಒಪ್ಪಲಾರೆ. ಪಾಲುದಾರರು ಹನ್ನೆರಡು ಮಂದಿಯಾದರೂ ನೂರು ಮಂದಿಯಾದರೂ, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಸಂಜೆ ಲೆಕ್ಕ ಬರೆಯುವ ಬಲ್ಲಿದನೊಬ್ಬನು ಬೇಕೇ ಬೇಕು ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ.

ನಮ್ಮ ಪಟ್ಟಣಗಳ ಪುಸ್ತಕದಂಗಡಿಗಳನ್ನು ನೋಡಿದರೆ, ಅವುಗಳನ್ನು ಬದುಕಿಸಿರುವುದು ಕಾವ್ಯವಲ್ಲ. ನೋಟುಪುಸ್ತಕ, ಪೆನ್ನು, ಶಾಯಿ, ಕಂಪಾಸು ಪೆಟ್ಟಿಗೆಗಳು. ಜೂನ್ ತಿಂಗಳಲ್ಲಿ ಬರುವ ಆ ಹಣದಿಂದಲೇ ವರ್ಷವೆಲ್ಲ ನಿಧಾನವಾಗಿ ಮಾರುವ ಒಳ್ಳೆಯ ಪುಸ್ತಕಗಳನ್ನು ಕಪಾಟಿನಲ್ಲಿ ಇಟ್ಟುಕೊಳ್ಳಲು ಸಾಧ್ಯ. ನಾಲ್ಕಾರು ಊರಿನ ಅಂಗಡಿಗಳು ಒಂದು ಸಂಘವಾಗಿ ಕಾಗದದ ಸರಕನ್ನು ಒಟ್ಟಿಗೆ ಕೊಂಡರೆ ಪ್ರತಿಯೊಂದು ಅಂಗಡಿಗೂ ಬೆಲೆ ಇಳಿಯುತ್ತದೆ. ಉಳಿದ ಹಣದಲ್ಲಿ ಕನ್ನಡ ಪುಸ್ತಕಗಳಿಗೆಂದು ಒಂದು ಕಪಾಟನ್ನು ಇರಿಸುವುದು ಕಷ್ಟವಾಗಲಾರದು. ಅಧ್ಯಾಪಕರು ಪುಸ್ತಕಗಳನ್ನು ಆರಿಸಿಕೊಡಬಲ್ಲರು; ಹಳೆಯ ವಿದ್ಯಾರ್ಥಿಗಳಲ್ಲಿ ವ್ಯಾಪಾರಿಗಳಿಗೇನೂ ಕೊರತೆಯಿಲ್ಲ. ದಾನಿಗಳು ವರ್ಷವರ್ಷವೂ ನೋಟುಪುಸ್ತಕ ಹಂಚಲು ಕೊಡುವ ಹಣದ ಒಂದಂಶವನ್ನು ಇಂಥ ಸಂಘದ ಪಾಲುಬಂಡವಾಳವಾಗಿ ಕೊಡಬಾರದೇಕೆ ಎಂಬುದನ್ನು ಮುಂದಿನ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಕೇಳಬೇಕೆಂದಿದ್ದೇನೆ.